ಅರವತ್ತೆರಡು ರೊಟ್ಟಿ

ಸದಾಶಿವ ಪೇಠದ ಗಲ್ಲಿಯೊಳಗ,
ಸೈಕಲ್ ರಿಪೇರಿ ಅಂಗಡಿ ಹಿಂದ ನಮ್ಮ ಖಾನಾವಳಿ.
ಬೋರ್ಡಿಲ್ಲ. ರೊಟ್ಟಿ ಬಡಿಯೋ ಸಪ್ಪಳಾನ ಬೋರ್ಡು.

ಈ ತಿಂಗಳ ತುಂಬ ಉಣ್ಣಾಕ ಕುಂತವರೆಲ್ಲಾರ ಬಾಯಾಗ
ಪಲ್ಯಾಕಿಂತ ಮೊದಲು ಒಂದ ಮಾತು:
ಭೌರವ್ವ ಮುಂದೇನ್ ಓದ್ತಾಳ?

ಜತ್ತದ ಹುಡುಗ, ಇಂಜಿನಿಯರಿಂಗ್ ಮುಗಿಸಿ
ನಾಕನೇ ಸಲ ಫೌಜದಾರ ಪರೀಕ್ಷಾಕ್ಕ ಕುಂತಾಂವ,
ಪುಂಡಿಪಲ್ಯ ಕಲಸ್ಕೋತ ಅಂತಾನ,
"ಕಂಪ್ಯೂಟರ್ ತಗೋ ತಂಗಿ. ಕಣ್ಣ ಮುಚ್ಚಿ ತಗೋ."
ಅಂವನೂ ಕಣ್ಣ ಮುಚ್ಚೇ ತಗೊಂಡಿದ್ದ.
ಅಕ್ಕಲಕೋಟದಾಂವ ನರ್ಸಿಂಗ್ ಅಂದ,
ರಕ್ತ ಕಂಡ್ರ ಈಕಿಗೆ ಚಕ್ಕರ್ ಬರೂದು ಅಂವಗೇನ ಗೊತ್ತು.
ಇವರಪ್ಪ, ಹದಿನೆಂಟು ವರ್ಷ ಬಸ್ಸಿನ್ಯಾಗ ನಿಂತೇ ದುಡಿದಾಂವ,
"ಬ್ಯಾಂಕು" ಅಂದು ತಾಟು ಮುಂದ ಮಾಡಿದ.
"ಬ್ಯಾಂಕು ಅನ್ನೂದು ಕೋರ್ಸಲ್ಲ ಅಪ್ಪಾ."
"ಹಂಗಾರ ಕುಂತು ಮಾಡೂ ಕೆಲಸದ ಕೋರ್ಸು."

ನಾ ಏನೂ ಅನ್ನಲಿಲ್ಲ. ನಾಕನೇತ್ತೆ ದಾಟದಾಕಿ ನಾ.
ಆದ್ರ ಹಿಟ್ಟಿನ ಡಬ್ಬಿ ಮ್ಯಾಲ ಒಂದು ವಹಿ ಐತಿ,
ಆಕಿ ಒಂಬತ್ತು ವರ್ಷದಾಕಿ ಇದ್ದಾಗಿಂದ ಬರದದ್ದು.
ಸೋಮಾರಕ್ಕ ರೊಟ್ಟಿ ಎಷ್ಟು, ಸಂಕಷ್ಟಿಗೆ ಎಷ್ಟು,
ಮೊದಲ ಮಳಿ ಬಿದ್ದ ಸಂಜಿ ಎಷ್ಟು ಕಡಿಮಿ
(ಎಲ್ಲಾರೂ ಭಜಿ ತಿನ್ನಾಕ ಹೋಗಿರ್ತಾರ),
ರಿಜಲ್ಟ್ ಬಂದ ರಾತ್ರಿ ಎಷ್ಟು ತಾಟು
ಕೈ ಹಚ್ಚದ ಹಂಗ ಉಳೀತಾವ.
ಬರಿ ಅಂತ ಯಾರೂ ಹೇಳಿರಲಿಲ್ಲ.
ಎಣ್ಣಿ ಕೈಲೆ ವಹಿ ಮುಟ್ಟಿದ್ರ
ನನಗ ಬೈತಿದ್ಲು.

ಕಡೀ ದಿನ. ರಾತ್ರಿ ಹನ್ನೆರಡಕ್ಕ ಫಾರ್ಮು ಮುಚ್ಚತೈತಿ.
ಮೊಬೈಲದಾಗ ಹೆಸರು ತುಂಬಿತ್ತು, ಮಾರ್ಕ್ಸ್ ತುಂಬಿತ್ತು,
ಮೊದಲನೇ ಆಯ್ಕೆ ಅನ್ನೂ ಖಾನೆ ಖಾಲಿ.
ಕಟ್ಟಿ ಮ್ಯಾಲ ಕುಂತು ಕುಂತು
ಒಮ್ಮಿಗೇ ಅಂದ್ಲು, "ಸಂಖ್ಯಾಶಾಸ್ತ್ರ, ಅವ್ವ."
"ಅಂದ್ರ? ಎಣಿಸೂದೇನ?"
"ಅಲ್ಲ. ಎಲ್ಲಾ ಎಣಿಸದನ ತಿಳ್ಕೊಳ್ಳೂದು."

ನಗು ಬಂತು ನನಗ. ಅನ್ನ ಇಳಸಾಕತ್ತಿದ್ದೆ,
ಒಂದು ಅಗುಳ ಹಿಚುಕಿದ ಬಟ್ಟು ಇನ್ನೂ ಬಿಸಿ.
ಆಕಿ ನನ್ನ ಬಟ್ಟು ನೋಡಿದ್ಲು,
ಗಡಿಗಿ ನೋಡಿದ್ಲು.
"ಅದಽ," ಅಂದ್ಲು.

ಅವರಪ್ಪ ಕೇಳಿದ, "ನೌಕರಿ?"
"ಗೊತ್ತಿಲ್ಲ ಅಪ್ಪಾ."
ಹುಟ್ಟಿದ ಮ್ಯಾಲ ಈ ಹುಡುಗಿ ಬಾಯಿಂದ
ಆ ಮಾತು ಕೇಳಿದ್ದು ಕಡಿಮಿ.
ಅಂವ ಚೀಲದಾಗಿನ ಚಿಲ್ಲರ ಎರಡ ಸಲ ಎಣಿಸಿದ,
ಆಮ್ಯಾಲ ತನ್ನ ಮೊಬೈಲದಾಗಿಂದ ಫೀ ಕಟ್ಟಿದ.
ಫಾರ್ಮು ಹೋತು.

"ಇವತ್ತ ಅರವತ್ತೆರಡು ಸಾಕು," ಅಂದಿದ್ಲು ಮುಂಜಾನೆ.
ನಾ ಅರವತ್ನಾಕು ಬಡಿದು
ಎರಡನ್ನ ಅರಬಿ ಕೆಳಗ ಮುಚ್ಚಿಟ್ಟಿದ್ದೆ,
ಮಗಳ ಮ್ಯಾಲ ನಂಬಿಕಿ ಇಲ್ಲಂತಲ್ಲ, ಹಳೇ ರೂಢಿ.

ಹನ್ನೆರಡು ಹೊಡದಿತ್ತು. ಬಾಗಲದಾಗ ಒಬ್ಬ ಹುಡುಗ,
ಇಂಡಿ ಕಡೆಯ ಮಾತು, ಹೆಗಲಿಗೆ ಚೀಲ, ಬಸ್ಸು ಕೆಟ್ಟು ತಡ ಆಗಿತ್ತಂತ,
"ಏನರ ಉಳದೈತೇನ್ರಿ?"

ಎರಡು ರೊಟ್ಟಿ ತಗದು ಕೊಟ್ಟೆ.
ಗೆದ್ದವರಂಗ ಮಗಳ ಕಡೆ ತಿರುಗಿದೆ:
"ಇಂವ ಇದ್ನೇನ ನಿನ್ನ ವಹಿಯೊಳಗ?"

ವಹಿ ತಗದ್ಲು, ಪೆನ್ನಿನ ಟೊಪ್ಪಿಗಿ ಕಚ್ಚಿದ್ಲು.
"ಹಿಂಗ ಬರೋರಿಗೂ ಒಂದ ಜಾಗಾ ಇರತೈತಂತ ಅವ್ವ,
ಅದರ ಹೆಸರ ಇನ್ನ ಮ್ಯಾಲ ಕಲೀಬೇಕು."