ಹೊರಗಿಟ್ಟ ಸಾಲುಗಳು

ಗುತ್ತಲು ರಸ್ತೆ, ಗೊಬ್ಬರದಂಗಡಿಯ ಮಹಡಿ.
ಯೂರಿಯಾ ವಾಸನೆ ಮೆಟ್ಟಿಲು ಹತ್ತಿ ಬಂದು
ಕೀಬೋರ್ಡಿನ ಮೇಲೆ ಕೂರುವ ಆಫೀಸು.
ಮಂಡ್ಯದ ಸುತ್ತಿನ ಹನ್ನೊಂದು ಡೈರಿಗಳ ಲೆಕ್ಕ
ಇಲ್ಲಿಂದ ಹೋಗುತ್ತದೆ: ಲೀಟರು, ಫ್ಯಾಟು, ದುಡ್ಡು.

ಮರಿಲಿಂಗಯ್ಯನವರು ರಿಟೈರಾದ ಮೇಲೂ
ಮೂಲೆಯ ಅವರ ಕಂಪ್ಯೂಟರೊಂದೇ ಬಿಲ್ಡ್ ಮಾಡುತ್ತಿತ್ತು.
ಮೊನ್ನೆ ಗುಡುಗಿಗೆ ಅದು ಸುಟ್ಟುಹೋಯಿತು.
ಕೋಡು ಪೂರಾ ಉಳಿದಿತ್ತು, ಒಂದು ಪೆನ್‌ಡ್ರೈವಿನಲ್ಲಿ.
ನನ್ನ ಮೆಷೀನಿಗೆ ಹಾಕಿ ಒತ್ತಿದೆ.
ಕೆಂಪು.
ಮತ್ತೆ ಒತ್ತಿದೆ. ಮತ್ತೂ ಕೆಂಪು.
ಅದು ಹುಡುಕುತ್ತಿದ್ದದ್ದು ಡಿ ಡ್ರೈವಿನ ಒಂದು ಫೋಲ್ಡರು,
ಅದರೊಳಗೆ ‘ಫೈನಲ್’, ಅದರೊಳಗೆ ‘ನಿಜವಾದ ಫೈನಲ್’,
ಅದರೊಳಗೆ ‘ಇದೇ ಕೊನೆ ಕಣಪ್ಪ’.

ಫೋನು ಮಾಡಿದೆ. ಸೀಬೆ ಗಿಡಕ್ಕೆ ನೀರು ಬಿಡುತ್ತಾ ಅಂದರು:
“ನನ್ ಮೆಷೀನಲ್ಲಿ ಚೆನ್ನಾಗೇ ಓಡ್ತಿತ್ತಲ್ಲವ್ವ.”

ರಾತ್ರಿ ಕೂತು ಒಂದೊಂದೇ ಬಿಚ್ಚಿದೆ.
ಸರ್ವರಿನ ವಿಳಾಸ ನೂರಾ ಹನ್ನೆರಡನೇ ಸಾಲಿನಲ್ಲಿ,
ಹಾಲಿನ ದರ ಐದು ಕಡೆ, ಐದರಲ್ಲೊಂದು ಹಳೇದು,
ಪಾಸ್‌ವರ್ಡು ಅವರ ಹಸುವಿನ ಹೆಸರು,
ಬಾಲಕ್ಕೆ ಒಂದು ಎರಡು ಮೂರು.
ಜೇಬಿನಲ್ಲಿದ್ದದ್ದನ್ನೆಲ್ಲ ಗೋಡೆಯೊಳಗಿಟ್ಟು
ಮೇಲೆ ಗಾರೆ ಮೆತ್ತಿದ್ದರು ಮನುಷ್ಯ.

ಕೆಳಗೆ ಟೈಲರ್ ಗಫಾರ್ ಸಾಬರು.
ಅವರ ಕತ್ತರಿಗೆ ಯಾರ ಸೊಂಟವೂ ಗೊತ್ತಿಲ್ಲ.
ಸೊಂಟಗಳೆಲ್ಲ ಪುಸ್ತಕದಲ್ಲಿವೆ,
ಹೊಟ್ಟೆ ಬಂದವರದ್ದು ಹೊಡೆದು ಪಕ್ಕಕ್ಕೆ ಹೊಸದು.

ನಾನೂ ಒಂದು ಬೇರೆ ಫೈಲು ತೆರೆದೆ.
ಎಡಕ್ಕೆ ಹೆಸರು, ನಡುವೆ ಸಮ, ಬಲಕ್ಕೆ ಅಳತೆ.
ಗೋಡೆ ಕೆರೆದು ಕೆರೆದು ನಲವತ್ಮೂರು ಸಾಲು ತೆಗೆದೆ.
ಪಾಸ್‌ವರ್ಡು ಮಾತ್ರ ಅಲ್ಲೂ ಇಡಲಿಲ್ಲ;
ದುಡ್ಡಿನ ಪೆಟ್ಟಿಗೆ ಜಗಲಿಯಲ್ಲಿಡುವವರುಂಟೇ.

ಒಂದು ಅಂಕಿ ಮಾತ್ರ ತಿಳಿಯಲಿಲ್ಲ.
ಬರೀ 7. ಪಕ್ಕದಲ್ಲಿ: ‘ತೆಗೀಬೇಡಿ’.

“ಅದಾ? ಕೀಲಾರದ ಡೈರೀಲಿ ಬೋರಮ್ಮ ಅಂತ ಅವ್ರೆ.
ಚೀಟಿ ಹರಿಯಕ್ಕೆ ಕೈ ನಡುಗ್ತದೆ.
ಎರಡೇ ಸೆಕೆಂಡಿಗೆ ಇನ್ನೊಂದು ಬಂದ್ಬುಟ್ರೆ
ಯಾರ ಹಾಲು ಯಾರ ಚೀಟಿಗೋ.
ಪಕ್ಕದಲ್ಲಿ ನಿಂತು ಎಣಿಸ್ದೆ. ಏಳು ಸಾಕಾಯ್ತು.”

ಕೀಲಾರಕ್ಕೆ ಸರಿ. ಆದರೆ ಏಳು ಗೋಡೆಯೊಳಗಿತ್ತು,
ಗೋಡೆ ಹನ್ನೊಂದೂರಿಗೂ ಒಂದೇ.
ಇಷ್ಟು ವರ್ಷ ಬೆಳಗಿನ ಜಾವ ಕ್ಯಾನು ಹಿಡಿದು ನಿಂತವರೆಲ್ಲ,
ಪ್ರಿಂಟರನ್ನು ಬೈದುಕೊಂಡು,
ಮುಖ ನೋಡದ ಒಬ್ಬ ಹೆಂಗಸಿಗಾಗಿ
ತಲಾ ಏಳು ಸೆಕೆಂಡು ಕಾದಿದ್ದರು.

ಕೀಲಾರಕ್ಕೆ ಏಳು, ಮಿಕ್ಕ ಹತ್ತಕ್ಕೆ ಎರಡು ಎಂದು ಬರೆದೆ.
ಬಿಲ್ಡ್ ಹಸಿರಾದಾಗ
ಪೇಪರಿನವನ ಸೈಕಲ್ ಬೆಲ್ಲು ಕೇಳಿಸುತ್ತಿತ್ತು.
ಯಾರ ಮೆಷೀನಲ್ಲಾದರೂ ಈಗ ಓಡುತ್ತದೆ.
ಯಾರದೆಂದು ಹೇಳಲು ಒಳಗೆ ಏನೂ ಇಲ್ಲ.

ಕಾರ್ತೀಕದಲ್ಲಿ ಕೀಲಾರದಿಂದ ಹೊಸ ಹುಡುಗನೊಬ್ಬ ಫೋನು ಮಾಡಿದ:
“ಮೇಡಂ, ನಮ್ದೊಂದೇ ಯಾಕ್ ಇಷ್ಟು ನಿಧಾನ?”
ಬೋರಮ್ಮ ಎಂದೆ.
“ಅವ್ರು ಬರಲ್ಲ ಈಗ” ಎಂದ.
ಬರಲ್ಲ ಅಂದರೆ ಏನೆಂದು ನಾನು ಕೇಳಲಿಲ್ಲ.

ಮತ್ತೆ ಬಿಲ್ಡ್ ಬೇಕಿರಲಿಲ್ಲ, ಅರ್ಧ ನಿಮಿಷದ ಕೆಲಸ.
ಇಷ್ಟು ಸಲೀಸಾಗಲೆಂದೇ ಅಲ್ಲವೇ ಹೊರಗಿಟ್ಟದ್ದು.
ಎರಡು ಎಂದು ಒತ್ತಿದೆ.
ಏಳನ್ನು ಅಳಿಸಲು ಬೆರಳು ಹೋಯಿತು, ನಿಂತಿತು.
ಮುಂದೊಂದು ಗುರುತು ಹಾಕಿ ಮೇಲಿನ ಸಾಲಿನಲ್ಲೇ ಬಿಟ್ಟೆ:

# ಕೀಲಾರ = 7, ಬೋರಮ್ಮ

ಆ ಗುರುತಿರುವ ಸಾಲನ್ನು ಯಂತ್ರ ಓದುವುದಿಲ್ಲ.