ಅನುಬಂಧ ನಾಲ್ಕು

ಪ್ರಬಂಧದಲ್ಲಿ ಊರಿನ ಹೆಸರು ಹಾಕುವಂತಿಲ್ಲ.
ಹಾಗಾಗಿ ಅದು ಶಾಲೆ ‘ಖ’.
ಕವಿತಾಳ ದಾಟಿ, ಕಾಲುವೆಗುಂಟ ಆಟೋದಲ್ಲಿ ಹೋಗಿ,
ಎರೆಮಣ್ಣು ಮೆತ್ತಿ ಚಪ್ಪಲಿ ಎರಡು ಸೇರು ತೂಗುವ ಹೊತ್ತಿಗೆ
ಕಾಣುತ್ತಿದ್ದ ಎರಡು ಕೋಣೆ, ಒಂದು ಬೇವು, ಒಂದು ಒಡೆದ ನಲ್ಲಿ.
ಐದು ತರಗತಿ, ಅರವತ್ತೆರಡು ಮಕ್ಕಳು, ಇಬ್ಬರು ಮಾಸ್ತರು.
ಅದರಲ್ಲೊಬ್ಬರು ನಿಯೋಜನೆ ಮೇಲೆ ಬೇರೆ ಕಡೆ.

ನನ್ನ ವಿಷಯ: ಕಿರಿಯ ಪ್ರಾಥಮಿಕ ಶಾಲೆಗಳ ಆಡಳಿತ
ಮತ್ತು ಮಕ್ಕಳ ಕಲಿಕೆಯ ಮೇಲೆ ಅದರ ಪರಿಣಾಮ.
ನಲವತ್ತೊಂದು ಪ್ರಶ್ನೆ, ಒಂದೊಂದಕ್ಕೂ ಐದು ಖಾನೆ:
ಪೂರ್ತಿ ಒಪ್ಪುತ್ತೇನೆ, ಒಪ್ಪುತ್ತೇನೆ, ಹೇಳಲಾರೆ...
ಆ ‘ಹೇಳಲಾರೆ’ಯ ಮೇಲೇ ಪೆನ್ನಿಟ್ಟು
ಹೆಡ್ಮಾಸ್ತರು ಅಮರಗುಂಡಪ್ಪ ಬಹಳ ಹೊತ್ತು ಕೂತರು.

ಮಗ್ಗಿಯನ್ನು ಹಾಡಿ ಕಲಿಸುತ್ತಿದ್ದರಂತೆ, ಊರವರು ಹೇಳಿದ್ದು.
ನಾನು ಕಂಡದ್ದು ಬೇರೆ.
ಮೊಟ್ಟೆ ಎಣಿಸುವುದು, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಎಣಿಸುವುದು,
ಹಾಲಿನ ಪುಡಿ ತೂಗಿ ಬರೆಯುವುದು,
ಸಿಲಿಂಡರ್ ಬಾರದ ದಿನ ಕಟ್ಟಿಗೆಗೆ ಓಡುವುದು,
ಎಣಿಸಿದ್ದು, ತೂಗಿದ್ದು ಎಲ್ಲವನ್ನೂ ಮೊಬೈಲಿಗೆ ತುಂಬಲು
ನೆಟ್‌ವರ್ಕ್ ಹುಡುಕಿ ಏಣಿ ಹತ್ತಿ ಮಾಳಿಗೆಗೆ ಹೋಗುವುದು.
ಅಲ್ಲಿ ಸಿಂಟೆಕ್ಸ್ ಪಕ್ಕ ಒಂದು ಕೈ ಮೇಲೆತ್ತಿ ನಿಂತಿರುತ್ತಿದ್ದರು,
ಉತ್ತರ ಗೊತ್ತಿದ್ದೂ ಯಾರೂ ಕೇಳದ ಹುಡುಗನಂತೆ.

“ಇದನ್ನೂ ಬರಕೋರಿ ಮೇಡಮ್ಮರ,” ಅಂದರು ಇಳಿದು ಬಂದು.
“ಟ್ರೇನಿಂಗ್‌ದಾಗ ಮಕ್ಕಳ ಮನಸ್ಸು ಓದಿದ್ದೆ.
ಈಗ ಓಟಿಪಿ ಓದ್ತೀನಿ.”
ನಕ್ಕರು. ನಾನು ಗಡಿಯಾರ ನೋಡಿ ಬರೆದುಕೊಂಡೆ:
ಆಡಳಿತಾತ್ಮಕ ಕಾರ್ಯ, ನಲವತ್ತೆರಡು ನಿಮಿಷ.

ಮೂರನೇ ವಾರ, ಗಾಳಿಗೆ ಬಾಗಿಲು ಮುಚ್ಚಿಕೊಂಡಾಗ ಕಂಡಿತು.
ಬಾಗಿಲ ಹಿಂದೆ, ಹುಡುಗಿಯೊಬ್ಬಳ ಎತ್ತರಕ್ಕೆ,
ಬಳಪದ ಗೆರೆಗಳು. ನಾಲ್ಕು ನಿಂತವು, ಐದನೆಯದು ಅಡ್ಡ,
ಕಣಿಕೆಯ ಸೂಡು ಕಟ್ಟಿ ಒಟ್ಟಿದಂತೆ ಸಾಲು ಸಾಲು.

ಹಿಗ್ಗಿದೆ. ಮಾಸ್ತರು ಮಾಳಿಗೆ ಹತ್ತಿದ್ದನ್ನು
ನನಗಿಂತ ಮೊದಲೇ ಯಾರೋ ಎಣಿಸಿದ್ದಾರೆ!
ಪ್ರಶ್ನೆ ಇಪ್ಪತ್ತಾರಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಎಳೆದವಳು ಮೌಲಾಬಿ, ಐದನೇ ಕ್ಲಾಸು.
“ಸರ್ ಮ್ಯಾಲೆ ಹೋದಾಗೆಲ್ಲ ಒಂದು ಗೆರಿ ಹಾಕ್ತಿ ಏನು?”
ದಡ್ಡರನ್ನು ನೋಡುವಂತೆ ನೋಡಿದಳು.
“ಸರ್‌ದು ಅಲ್ರಿ ಅದು. ನಂದು.
ಸರ್ ಮ್ಯಾಲೆ ಇದ್ದಾಗ ಒಂದನೇ, ಎರಡನೇದವ್ರಿಗೆ ನಾನಾ ಕಲಸ್ತೀನಿ.
ಕಲಿಸಿದ್ದಕ್ಕ ಒಂದು ಗೆರಿ.”
ಆಮೇಲೆ ದನಿ ತಗ್ಗಿಸಿ,
“ದುರುಗೇಶಗ ‘ಳ’ ಬರ್ತಿದ್ದಿಲ್ಲ. ಈಗ ಬರ್ತದ.”

ದುರುಗೇಶ ಎದ್ದು ನಿಂತು, ಚಡ್ಡಿ ಏರಿಸಿಕೊಂಡು,
ಗೋಡೆಗೆ ಹೇಳಿದ: ಕೋಳಿ, ಕಾಳು, ಬ್ಯಾಳಿ, ಜ್ವಾಳ.
ಕೊನೆಯದಕ್ಕೆ ನಾಲಿಗೆ ಮಡಚಿ
ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಿದ್ದ.

ಕಲಬುರಗಿಯಲ್ಲಿ ನನ್ನ ಗೈಡು ಕನ್ನಡಕ ತೆಗೆದು ಕೇಳಿದರು:
“ಇದನ್ನು ಎಲ್ಲಿ ಸೇರಿಸ್ತೀಯಮ್ಮ?
ಶಿಕ್ಷಕರ ಗೈರಿಗೋ, ಮಗುವಿನ ದುಡಿಮೆಗೋ?”
ಎರಡಕ್ಕೂ ಖಾನೆ ಇತ್ತು. ‘ಳ’ಕಾರಕ್ಕೆ ಇರಲಿಲ್ಲ.
ಅನುಬಂಧ ನಾಲ್ಕರಲ್ಲಿ ಹಾಕು ಅಂದರು,
ಬಾಗಿಲಿನ ಫೋಟೊ, ಕಪ್ಪುಬಿಳುಪು ಸಾಕು.

ನಿನ್ನೆ ರಾತ್ರಿ ಫೋಟೊ ಹಿಗ್ಗಿಸಿ ಎಣಿಸಿದೆ: ನೂರಾ ಮೂವತ್ತೇಳು.
ಮತ್ತೆ ಎಣಿಸಿದರೆ ನೂರಾ ಮೂವತ್ತೆಂಟು.
ಬೆಳಿಗ್ಗೆ ಹನ್ನೊಂದಕ್ಕೆ ಅಮರಗುಂಡಪ್ಪನವರಿಗೆ ಫೋನು ಮಾಡಿದೆ.
ಮೊದಲ ಸಲಕ್ಕೇ ಎತ್ತಿದರು, ದನಿ ಸ್ವಚ್ಛವಾಗಿ ಕೇಳಿತು.

ಅಂದರೆ ಮಾಳಿಗೆಯ ಮೇಲಿದ್ದಾರೆ.
ಅಂದರೆ ಕೆಳಗೆ, ಈಗ, ಈ ಹೊತ್ತಿಗೆ...
ಮೌಲಾಬಿ ಆರನೇ ಕ್ಲಾಸಿಗೆ ಬೇರೆ ಊರಿಗೆ ಹೋಗಿರಬೇಕು,
ಬಳಪ ಯಾರ ಕೈಯಲ್ಲಿದೆಯೋ.

“ಹೇಳ್ರಿ ಮೇಡಮ್ಮರ, ಪಿಎಚ್‌ಡಿ ಮುಗೀತೇನು?” ಅನ್ನುತ್ತಿದ್ದಾರೆ.
ಬೇಗ ಇಡಬೇಕೋ,
ಇನ್ನೊಂದಿಷ್ಟು ಹೊತ್ತು ಮಾತಾಡಬೇಕೋ.