ಎರಡನೆಯ ದಿಬ್ಬದ ಬುಡದಲ್ಲಿ

ಬರುತ್ತದೆ ಬರುತ್ತದೆ ಎಂದು ಸೆಪ್ಟೆಂಬರಿನಿಂದ ಹೇಳುತ್ತಿದ್ದರು.
ಒನೊದೆರಾ ಅಂಗಡಿಯ ಗೆರೆ ಪುಸ್ತಕದಲ್ಲಿ
ನನ್ನ ಹೆಸರು ನಾಲ್ಕನೆಯದು.
ನನ್ನ ಮೇಲೆ ಒಬ್ಬ ಹಲ್ಲಿನ ಡಾಕ್ಟರು,
ಭಾನುವಾರ ಮಾತ್ರ ಕೊಕ್ಕರೆ ಹಿಡಿಯುವವನು.

ಅಕ್ಟೋಬರು ಹೋಯಿತು. ಬಿಡಿಭಾಗ ಸಾಲದಂತೆ.
ಬೀಟು ಹೊತ್ತ ಲಾರಿಗಳು
ಒಬಿಹಿರೊದ ಸಕ್ಕರೆ ಕಾರ್ಖಾನೆಗೆ ಓಡಾಡಿ ಮುಗಿದವು.
ಹಿಮ ಬಿತ್ತು, ಕರಗಿತು, ಮತ್ತೆ ಬಿತ್ತು,
ಈ ಸಲ ಕರಗಲಿಲ್ಲ.
ನಾನು ಹೊದ್ದುಕೊಂಡು ಅಂಕಿ ಓದುತ್ತಿದ್ದೆ:
ಸೆಕೆಂಡಿಗೆ ಮೂವತ್ತು ಚಿತ್ರ,
ಕತ್ತಲಲ್ಲೂ ಕಣ್ಣು ಹುಡುಕಿಕೊಳ್ಳುವ ಫೋಕಸ್ಸು,
ಮನುಷ್ಯ, ನಾಯಿ, ಹಕ್ಕಿ, ರೈಲು, ವಿಮಾನ.
ಕುದುರೆ?
ಪಟ್ಟಿಯಲ್ಲಿ ಕುದುರೆ ಇರಲಿಲ್ಲ.

ಹಳೆಯದಕ್ಕೇನಾಗಿದೆ ಅಂದಳು ಅಕ್ಕ.
ನಾಲ್ಕು ಲಕ್ಷ ಹತ್ತು ಸಾವಿರ ಸಲ ರೆಪ್ಪೆ ಬಡಿದಿದೆ.
ಹಿಡಿಯ ರಬ್ಬರು ಬಿಟ್ಟುಕೊಂಡು
ಸೈಕಲ್ ಟ್ಯೂಬಿನ ತುಂಡು ಅಂಟಿಸಿದ್ದೇನೆ.
ಕಪ್ಪು ಕೊಟ್ಟರೆ ಮಸಿ ಮಾಡಿ ಹಿಂದಿರುಗಿಸುತ್ತದೆ,
ನನ್ನ ಕೆಲಸವೋ ಪೂರ್ತಿ ಕಪ್ಪಿನದು:
ಒಂದೊಂದು ಟನ್ನು ತೂಗುವ ಕಪ್ಪು ಕುದುರೆಗಳು,
ಹಿಂದೆ ಕಬ್ಬಿಣದ ಜಾರುಬಂಡಿ,
ಸುತ್ತ ಕಣ್ಣು ಕುಕ್ಕುವ ಬಿಳಿ.

ಫೆಬ್ರವರಿ ಹತ್ತೊಂಬತ್ತಕ್ಕೆ ಬಂತು.
ಡಬ್ಬಿ ಬಿಚ್ಚಿದರೆ
ಇನ್ನೂ ಯಾರ ಬೆವರೂ ಸೋಕದ ವಾಸನೆ.
ರಾತ್ರಿಯಿಡೀ ಮೆನುವಿನಲ್ಲಿ ಅಲೆದೆ,
ಹೊಸ ಬಾಡಿಗೆ ಮನೆಯಲ್ಲಿ ದೀಪದ ಸ್ವಿಚ್ಚು ತಡಕುವ ಹಾಗೆ.

ಬೆಳಗಿನ ತಾಲೀಮು. ಸೊನ್ನೆಗಿಂತ ಇಪ್ಪತ್ತೆರಡು ಕೆಳಗೆ.
ಒಂದು ಬ್ಯಾಟರಿ ಒಳಗೆ, ಇನ್ನೊಂದು ಕಂಕುಳಲ್ಲಿ.
ಎರಡನೆಯ ದಿಬ್ಬದ ಬುಡದಲ್ಲಿ ಕುದುರೆಗಳು ನಿಲ್ಲುತ್ತವೆ.
ಪಂದ್ಯದ ದಿನವೂ ಅಷ್ಟೇ,
ನಮ್ಮೂರ ಓಟದಲ್ಲಿ ನಿಲ್ಲುವುದೂ ಓಟವೇ.
ಯೊಯಿಕಾಜೆ ನಿಂತಿತು.
ಮೂಗಿನಿಂದ ಸ್ನಾನದ ಹಂಡೆಯ ಹಬೆ.
ಒತ್ತಿದೆ.
ಪುಟ್ಟ ಹಸಿರು ಚೌಕ ನೇರ ಅದರ ಕಣ್ಣಿಗೆ ಹೋಗಿ ಕೂತಿತು
ನೊಣದ ಹಾಗೆ, ತಲೆ ಕೊಡವಿದರೂ ಏಳದು.
ನಾಯಿ ಅಂದುಕೊಂಡಿತೋ ರೈಲು ಅಂದುಕೊಂಡಿತೋ,
ಮೂವತ್ತು, ಅರವತ್ತು, ತೊಂಬತ್ತು,
ನಿಂತ ಕುದುರೆಯ ತೊಂಬತ್ತು ಚಿತ್ರ,
ಹಬೆಯೊಂದೇ ಬೇರೆ ಬೇರೆ.

ಸದ್ದಿಲ್ಲ.
ಆರು ವರ್ಷ, ಹಳೆಯದು ಟಪ್ ಅಂದಾಗಲೆಲ್ಲ
ಇದರ ಎಡಗಿವಿ ನನ್ನ ಕಡೆ ಹೊರಳುತ್ತಿತ್ತು,
ಓ ನೀನಾ, ಎಂದು.
ಇವತ್ತು ನಾನು ಬಂದೇ ಇರಲಿಲ್ಲ.
ಕೈಗವಸು ಕಚ್ಚಿ ಕಳಚಿ, ಮೆನುವಿಗೆ ಹೋಗಿ
ಶಟರಿನ ಕೃತಕ ಸದ್ದು ಹಾಕಿದೆ, ಮೂರರ ಮಟ್ಟಕ್ಕೆ.
ಕಿವಿ ಅಲುಗಿತು.
ಹೊರಳಲಿಲ್ಲ.
ಬಾಗಿಲಾಚೆಯ ಸುಳ್ಳು ಕೆಮ್ಮು ಮನೆಯವರಿಗೆ ತಿಳಿಯದೇ?

ಮನೆಗೆ ಬಂದು, ಸ್ಟೋವಿನ ಪಕ್ಕ
ತೆರೆಯ ಮೇಲೆ ಕಪ್ಪನ್ನು ಮೆಲ್ಲಗೆ ಎತ್ತಿದೆ.
ಎತ್ತಿದಷ್ಟೂ ಬಂತು. ಒಂದು ಕಾಳು ಮರಳಿಲ್ಲ.
ರೋಮದ ಸುಳಿ, ಬೆವರು ಹೆಪ್ಪುಗಟ್ಟಿದ ಮಣಿ,
ಕೊರಳಪಟ್ಟಿಯ ಕೆಳಗೆ
ಅಂಗೈಯಗಲ ಒಂದು ಹಳೆಯ ಗಾಯ.
ಆರು ವರ್ಷ ಅದರ ಎದುರೇ ನಿಂತಿದ್ದೆ.

ಮರುದಿನ ತೊಮಿಜಿಗೆ ತೋರಿಸಿದೆ.
ಲಾಯದಲ್ಲಿ ಹುಲ್ಲು ಹರವುತ್ತಿದ್ದ ಮುದುಕ
ಕನ್ನಡಕ ಹಣೆಗೇರಿಸಿ ನೋಡಿದ, ತುಂಬ ಹೊತ್ತು.
“ದಿನಾ ರಾತ್ರಿ ಮುಲಾಮು ಹಚ್ಚುತ್ತೇನೆ.
ನಿನ್ನ ಹಳೆಯ ಡಬ್ಬಿ ಮರ್ಯಾದಸ್ಥ ಡಬ್ಬಿ.
ಇದನ್ನು ಪತ್ರಿಕೆಗೆ ಹಾಕಬೇಡ.”

ಸಂಜೆ ಒನೊದೆರಾನ ಫೋನು. ಹೇಗಿದೆ?
ಚೆನ್ನಾಗಿದೆ ಅಂದೆ. ಬಹಳ ಚೆನ್ನಾಗಿದೆ.
ಚಳಿಗೆ ಬ್ಯಾಟರಿ ಬೇಗ ಸೋಲುತ್ತದೆ,
ಗುಂಡಿಗಳು ಕೈಗವಸಿಗೆ ಸಣ್ಣವು.
ಡಾಕ್ಟರೂ ಹಾಗೇ ಅಂದರು, ಎಂದ.
ಬದಲಿಗೆ ಹಳೆಯದನ್ನು ಕೊಡುತ್ತೇನೆ ಅಂದಿದ್ದಿರಿ,
ಹದಿನೆಂಟು ಸಾವಿರ ಯೆನ್ ಲೆಕ್ಕ ಹಿಡಿದಿದ್ದೇನೆ.

ಅದು ಕೋಟಿನೊಳಗೆ ಬೆಚ್ಚಗಿತ್ತು.
ನಾಳೆ ತರುತ್ತೇನೆ, ಅಂದೆ.
ನಿನ್ನೆಯೂ ಅದನ್ನೇ ಅಂದಿದ್ದೆ.